ಗಿರಣಿ ಮನೆಯ ಜೂನ್ ತಿಂಗಳು

ನಮ್ಮದು ಗಂಟಲೆತ್ತಿ ಮಾತಾಡುವ ಮನೆ. ಈಗಲೂ ನಾನು ಫೋನು ಹಿಡಿದರೆ ನನ್ನ ಗಂಡ ಎದ್ದು ಹೋಗಿ ಬೀದಿ ಕಡೆಯ ಕಿಟಕಿ ಮುಚ್ಚಿ ಬರುತ್ತಾರೆ. ಇದು ಅಜ್ಜಂಪುರದ ಮನೆಯಿಂದ ಬಂದ ಅಭ್ಯಾಸ. ಆ ಮನೆಯ ಮುಂದಿನ ಅರ್ಧ ಹಿಟ್ಟಿನ ಗಿರಣಿ, ಹಿಂದಿನ ಅರ್ಧ ಸಂಸಾರ. ಎರಡರ ನಡುವೆ ಒಂದು ಗೋಡೆ, ಗೋಡೆಗೊಂದು ಬಾಗಿಲು. ಆ ಬಾಗಿಲನ್ನು ಯಾರೂ ಹಾಕುತ್ತಿರಲಿಲ್ಲ, ಹಾಕಿದರೂ ಪ್ರಯೋಜನವಿರಲಿಲ್ಲ. ಬೆಳಿಗ್ಗೆ ಅಪ್ಪ ಸ್ವಿಚ್ ಒತ್ತಿದರೆ ಮೋಟಾರಿನ ಪಟ್ಟೆ ಪಟಪಟ ಹೊಡೆದುಕೊಂಡು ಕಲ್ಲು ತಿರುಗಲು ಶುರುವಾಗುತ್ತಿತ್ತು. ಆಮೇಲೆ ದೀಪ ಹಚ್ಚುವ ಹೊತ್ತಿನವರೆಗೂ ನಡುಮನೆಯ ನೆಲ, ಅಡುಗೆಮನೆಯ ತಟ್ಟೆ ಸ್ಟ್ಯಾಂಡು, ಅಜ್ಜಿಯ ಪೂಜೆಯ ಗಂಟೆ ಎಲ್ಲವೂ ಸಣ್ಣಗೆ ನಡುಗುತ್ತಲೇ ಇರುತ್ತಿದ್ದವು. ಲೋಟದಲ್ಲಿ ನೀರಿಟ್ಟರೆ ನೀರಿನ ಮೇಲೆ ಉಂಗುರ ಏಳುತ್ತಿತ್ತು. ನೆಂಟರು ಬಂದರೆ ತಲೆನೋವು ಎಂದು ಮಾರನೆಯ ದಿನವೇ ಹೊರಡುತ್ತಿದ್ದರು. ನಮಗೆ ಆ ಸದ್ದು ಕೇಳಿಸುತ್ತಲೇ ಇರಲಿಲ್ಲ. ಕರೆಂಟು ಹೋಗಿ ಕಲ್ಲು ನಿಂತಾಗ ಮಾತ್ರ ತಲೆಯೊಳಗೆ ಏನೋ ಖಾಲಿಯಾದಂತಾಗಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು.

ಅಷ್ಟು ಸದ್ದಿನಲ್ಲಿ ಬಾಯಿಂದ ಎಷ್ಟು ತಾನೇ ಮಾತಾಡುವುದು? ಹತ್ತಿರವಿದ್ದರೆ ಕೂಗುತ್ತಿದ್ದೆವು, ದೂರವಿದ್ದರೆ ಕೈಯಲ್ಲಿ ಹೇಳುತ್ತಿದ್ದೆವು. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಮನೆಯಲ್ಲಿ ಎಲ್ಲದಕ್ಕೂ ಒಂದೊಂದು ಸನ್ನೆಯಿತ್ತು. ಹಣೆಯ ಮೇಲೆ ಮೂರು ಬೆರಳು ಎಳೆದರೆ ಅಜ್ಜಿ, ಅವಳ ವಿಭೂತಿ ಅಷ್ಟು ದಪ್ಪ. ಹೆಬ್ಬೆರಳನ್ನು ತೋರುಬೆರಳಿಗೆ ತಿಕ್ಕಿದರೆ ಅಪ್ಪ, ಹಿಟ್ಟು ನುಣ್ಣಗಾಯಿತೋ ಇಲ್ಲವೋ ಎಂದು ಅವನು ದಿನವಿಡೀ ಹಾಗೆ ತಿಕ್ಕಿ ನೋಡುತ್ತಿದ್ದ. ತಲೆಯ ಹಿಂದೆ ಮುಷ್ಟಿ ಹಿಡಿದರೆ ಅವ್ವನ ತುರುಬು. ಮೂಗೇರಿಸಿದರೆ ಅಣ್ಣ ಪ್ರಕಾಶ, ಹಿಟ್ಟಿನ ಧೂಳಿಗೆ ಅವನಿಗೆ ಸದಾ ನೆಗಡಿ. ಗಲ್ಲದ ಮೇಲೆ ಬೆರಳಿಟ್ಟರೆ ನಾನು, ಗಿರಿ; ನನ್ನ ಗಲ್ಲದಲ್ಲೊಂದು ಮಚ್ಚೆಯಿದೆ. ಕೆನ್ನೆ ಚಿವುಟಿಕೊಂಡರೆ ನಮ್ಮ ಕೊನೆಯವಳು, ಶೈಲಜಾ. ಎಲ್ಲರಿಗೂ ಅವಳು ಶೈಲಿ. ಈ ಕೈಮಾತಿನಲ್ಲಿ ಅವಳು ನಮ್ಮೆಲ್ಲರಿಗಿಂತ ಚುರುಕು. ಗಿರಾಕಿಗಳು ತಕ್ಕಡಿಯ ಮುಳ್ಳಿನ ಕಡೆ ಕತ್ತು ಚಾಚಿ ನೋಡುವುದನ್ನು, ಅಜ್ಜಿ ಮುನಿಸಿಕೊಂಡು ತುಟಿ ಒತ್ತುವುದನ್ನು ಮಾಡಿ ತೋರಿಸಿ ನಗಿಸುತ್ತಿದ್ದಳು. ಬಾಯಿಂದ ಬರುತ್ತಿದ್ದದ್ದು ಅವ್ವ ಎನ್ನುವುದಕ್ಕೆ ಹತ್ತಿರದ ಒಂದು ಸದ್ದು, ಬೇಕಾದದ್ದು ಸಿಗದಿದ್ದರೆ ಒಂದು ಕಿರುಚು, ಅಷ್ಟೇ. ಐದು ತುಂಬುತ್ತ ಬಂದರೂ ಅಷ್ಟೇ.

"ನಿಮ್ಮಪ್ಪನೂ ಹಂಗೇ ಕಣ್ರೇ, ತಡವಾಗಿ ಬಾಯಿ ಬಿಟ್ಟ. ಬಿಟ್ಟ ಮ್ಯಾಲೆ ಯಾರಾದ್ರೂ ಮುಚ್ಸಾಕೆ ಆಯ್ತಾ?" ಎನ್ನುತ್ತಿದ್ದಳು ಅಜ್ಜಿ.

ಅವಳು ಮಠಕ್ಕೆ ಹೋದಾಗಲೆಲ್ಲ ಸ್ವಾಮಿಗಳ ಮುಂದೆ ಮಗುವನ್ನು ಅಡ್ಡ ಮಲಗಿಸಿ, ಅವರು ಕೊಟ್ಟ ವಿಭೂತಿಯನ್ನು ಮಗುವಿನ ನಾಲಿಗೆಗೆ ಸವರಿ ಕರೆದುಕೊಂಡು ಬರುತ್ತಿದ್ದಳು. ನಮಗೆ ಗೊತ್ತಿರಲಿಲ್ಲವೋ, ಗೊತ್ತು ಮಾಡಿಕೊಳ್ಳುವುದು ಯಾರಿಗೂ ಬೇಕಿರಲಿಲ್ಲವೋ, ಈಗ ಹೇಳುವುದು ಕಷ್ಟ. ಆ ಮನೆಯಲ್ಲಿ ಶೈಲಿಗೆ ಏನೂ ಕೊರತೆಯಿದ್ದಂತೆ ಕಾಣುತ್ತಿರಲಿಲ್ಲ ಎನ್ನುವುದಂತೂ ನಿಜ.

ಮೇ ತಿಂಗಳು ಮುಗಿಯುತ್ತ ಬಂದರೆ ಅವ್ವನಿಗೆ ಗಿರಣಿಯೇ ಶತ್ರು. ಶಾಲೆಯ ಬಟ್ಟೆಯೆಂದರೆ ಬಿಳಿ ಅಂಗಿ, ಕಡುನೀಲಿ ಲಂಗ. ಬಿಳಿಯದರ ಮೇಲೆ ಹಿಟ್ಟು ಕೂತರೆ ಕಾಣುವುದಿಲ್ಲ, ನೀಲಿಯ ಮೇಲೆ ಬೆರಳಿಟ್ಟರೂ ಗುರುತು. ದರ್ಜಿಯಿಂದ ಬಂದ ಲಂಗ, ಚಡ್ಡಿಗಳನ್ನು ಅವ್ವ ಹಳೇ ಸೀರೆಯಲ್ಲಿ ಸುತ್ತಿ ತಗಡಿನ ಟ್ರಂಕಿನಲ್ಲಿಟ್ಟು ಮುಚ್ಚಳದ ಸಂದಿಗೆ ಒದ್ದೆ ಬಟ್ಟೆ ತುರುಕುತ್ತಿದ್ದಳು. ಮೆಣಸಿನಕಾಯಿ ಬೀಸುವ ದಿನವಂತೂ ಟ್ರಂಕೇ ಪಕ್ಕದ ಮನೆಗೆ ಹೋಗುತ್ತಿತ್ತು. ಒಂದು ವರ್ಷ ಹಾಗೆ ಮಾಡಲು ಮರೆತು, ಮೊದಲ ದಿನವೇ ಅಣ್ಣ ಪ್ರಾರ್ಥನೆಯ ಸಾಲಿನಲ್ಲಿ ನಿಂತು ಸೀನಿ ಸೀನಿ, ಅವನ ಕಾಲರಿನ ಖಾರಕ್ಕೆ ಹಿಂದೆ ಮುಂದೆ ನಿಂತವರೂ ಸೀನಿ, ಹೆಡ್ಮಾಸ್ತರರು ಇಡೀ ಸಾಲನ್ನು ನಲ್ಲಿಯ ಹತ್ತಿರ ಕಳಿಸಿದ್ದರಂತೆ. ಹಳೇ ಪುಸ್ತಕ ಮೇಲಿನ ಕ್ಲಾಸಿನವರಿಂದ ತರುವುದು, ಕಂದು ಕಾಗದ ಕತ್ತರಿಸಿ ಗಂಜಿಯಲ್ಲಿ ಅಂಟಿಸಿ ರಟ್ಟು ಹಾಕುವುದು, ಕಿತ್ತ ಬ್ಯಾಗಿನ ಪಟ್ಟಿಗೆ ಗಿರಣಿಯ ಗೋಣಿ ದಾರದಲ್ಲಿ ಹೊಲಿಗೆ ಹಾಕುವುದು, ಎಲ್ಲ ಅವಳದೇ. ನಾನು ಹೇಳಹೊರಟ ವರ್ಷ ಅಣ್ಣನಿಗೆ ಎಂಟನೇ ಕ್ಲಾಸು, ನನಗೆ ಐದು, ಶೈಲಿಗೆ ಒಂದು. ಮೂವರನ್ನೂ ಒಟ್ಟಿಗೆ ಕಳಿಸುವ ಮೊದಲ ಜೂನ್ ಎಂದು ಅವ್ವನಿಗೆ ಹಬ್ಬದಷ್ಟು ಸಡಗರ. ಶೈಲಿಗೆ ಹೊಸ ಸ್ಲೇಟು, ಹೊಸ ಬ್ಯಾಗು ಬಂದಿದ್ದವು. ಅವಳು ಬ್ಯಾಗನ್ನು ಹೆಗಲಿಗೆ ಹಾಕಿಕೊಂಡೇ ಉಣ್ಣುತ್ತಿದ್ದಳು. ಒಂದು ವಿಷಯ ಮಾತ್ರ ಅವ್ವನನ್ನು ಕಾಡುತ್ತಿತ್ತು. ಸಂಜೆ ಕಲ್ಲು ನಿಂತ ಮೇಲೆ ಶೈಲಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಪಾಠ ಶುರು ಮಾಡುತ್ತಿದ್ದಳು.

"ಮಿಸ್ಸು ಕೇಳ್ತಾರೆ, ನಿನ್ನ ಹೆಸ್ರೇನು ಅಂತ. ಏನಂತೀಯ? ಶೈ-ಲ-ಜಾ. ಹೇಳು. ಶೈ..."

ಶೈಲಿ ಅವ್ವನ ಬಾಯನ್ನೇ ನೋಡುತ್ತಿದ್ದಳು. ಆಮೇಲೆ ತನ್ನ ಕೆನ್ನೆ ಚಿವುಟಿಕೊಂಡು ನಗುತ್ತಿದ್ದಳು. ಅದೇ ತಾನೇ ಅವಳ ಹೆಸರು!

ಅದೇ ದಿನಗಳಲ್ಲಿ ಗಿರಣಿಯ ಮೋಟಾರು ಸುಟ್ಟಿತು. ರಾಗಿ ಬೀಸುತ್ತಿದ್ದಂತೆಯೇ ಕಮಟು ವಾಸನೆ ಬಂದು, ಹೊಗೆಯೆದ್ದು, ಕಲ್ಲು ಗರ್ರೆಂದು ನಿಂತಿತು. ವೈಂಡಿಂಗ್ ಹೋಗಿದೆ, ಕಡೂರಿಗೆ ಒಯ್ಯಬೇಕು ಎಂದ ಅಪ್ಪ. ಮೋಟಾರನ್ನು ಬಿಚ್ಚಿ, ಗೋಣಿಯಲ್ಲಿ ಸುತ್ತಿ ಬಸ್ಸಿಗೆ ಹಾಕಿಕೊಂಡು ಹೋಗಿ ಬಿಟ್ಟು ಬಂದ. ರಿಪೇರಿಗೆ ನಾಲ್ಕಾರು ದಿನ ಹಿಡಿಯುತ್ತದೆ ಎಂದಿದ್ದರಂತೆ. ನಮ್ಮ ಮನೆ ಅಷ್ಟು ದಿನ ಒಟ್ಟಿಗೆ ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ. ಬೀದಿಯಲ್ಲಿ ಸೈಕಲ್ ಹೋದದ್ದು, ಹಿತ್ತಲಲ್ಲಿ ಕೋಳಿ ಕೆದರಿದ್ದು, ಅಜ್ಜಿ ಲಿಂಗಪೂಜೆಯಲ್ಲಿ ಪಿಸುಗುಟ್ಟಿದ್ದು ಎಲ್ಲ ಕೇಳಿಸುತ್ತಿತ್ತು. ಅಜ್ಜಿ ಮಧ್ಯಾಹ್ನ ಗೊರಕೆ ಹೊಡೆದು ನಿದ್ದೆ ಮಾಡಿದಳು. ಶೈಲಿ ಒಬ್ಬಳು ಮಾತ್ರ ಏನೋ ಕಳೆದುಕೊಂಡವಳಂತಾದಳು. ಗಿರಣಿಗೆ ಹೋಗಿ ಕಲ್ಲಿನ ಮೇಲೆ ಅಂಗೈ ಇಡುವುದು, ನೆಲಕ್ಕೆ ಕೆನ್ನೆ ಹಚ್ಚಿ ಮಲಗುವುದು, ಎದ್ದು ಕೂತು ಅಳುವುದು. ಏನಾಯಿತೆಂದು ಯಾರಿಗೂ ತಿಳಿಯಲಿಲ್ಲ. ಹುಷಾರಿಲ್ಲವೇನೋ ಎಂದು ಅವ್ವ ಹಣೆ ಮುಟ್ಟಿ ನೋಡಿದಳು.

ಒಂದು ಬೆಳಿಗ್ಗೆ ನಡುಮನೆಯಲ್ಲಿ ಪುಸ್ತಕ ಹರವಿಕೊಂಡು ರಟ್ಟು ಹಾಕುತ್ತಿದ್ದೆವು. ಅವ್ವ ಕಾಗದ ಮಡಿಸುತ್ತಿದ್ದಳು, ಅಣ್ಣ ಕತ್ತರಿಸುತ್ತಿದ್ದ, ನಾನು ಅಂಟಿಸುತ್ತಿದ್ದೆ. ಶೈಲಿ ನಮಗೆ ಬೆನ್ನು ಹಾಕಿ ಹಿತ್ತಲ ಹೊಸ್ತಿಲ ಮೇಲೆ ಕೂತು ಇರುವೆ ಸಾಲು ನೋಡುತ್ತಿದ್ದಳು. ಗಂಜಿ ಬಟ್ಟಲು ಅವಳ ಪಕ್ಕದಲ್ಲೇ ಇತ್ತು.

"ಶೈಲೀ, ಆ ಬಟ್ಲು ಕೊಡೇ."

ಅವಳು ತಿರುಗಲಿಲ್ಲ. ಅವ್ವ ಮತ್ತೊಮ್ಮೆ ಕರೆದಳು, ಸ್ವಲ್ಪ ಗಟ್ಟಿಯಾಗಿ. ಆಮೇಲೆ ಗಿರಣಿ ತಿರುಗುವಾಗ ಕೂಗುವಷ್ಟು ಗಟ್ಟಿಯಾಗಿ. ಆ ನಿಶ್ಶಬ್ದದಲ್ಲಿ ಅವಳ ಕೂಗು ಮನೆಯ ಸೂರಿಗೆ ಬಡಿದಂತಾಯಿತು. ಪಕ್ಕದ ಮನೆಯವರು ಏನಾಯಿತು ಎಂದು ಕೇಳಿದರು. ಶೈಲಿ ಇರುವೆಗಳ ಮುಂದೆ ಕಡ್ಡಿಯೊಂದನ್ನು ಅಡ್ಡ ಇಟ್ಟು ನೋಡುತ್ತಿದ್ದಳು. ಅವ್ವನ ಕೈಯ ಕಾಗದ ಜಾರಿತು. ಅವಳು ಎದ್ದು ರಾಗಿ ಅಳೆಯುವ ಕಬ್ಬಿಣದ ಕೊಳಗವನ್ನು ಎತ್ತಿ ಕಲ್ಲುಚಪ್ಪಡಿಯ ಮೇಲೆ ದಢಾರನೆ ಬಿಟ್ಟಳು. ಶೈಲಿ ತಟ್ಟನೆ ತಿರುಗಿ ನೋಡಿದಳು.

"ಅಯ್ಯೋ ಶಿವನೇ, ಕೇಳುಸ್ತು! ಸುಮ್ಕೆ ಆಟ ಆಡ್ತಾವ್ಳೆ ಕಣ್ರೋ" ಎಂದು ಅವ್ವ ನಗುತ್ತ ಕೂತುಬಿಟ್ಟಳು. ನಾನೂ ನಕ್ಕೆ. ಅಣ್ಣ ನಗಲಿಲ್ಲ.

"ಅವ್ವಾ, ನೆಲ ಅದುರ್ತು. ಅದ್ಕೆ ತಿರುಗಿದ್ಲು. ಕೈಯಾಗೆ ಹಿಡ್ಕೊಂಡು ಬಡ್ದು ನೋಡು."

ಅವ್ವ ಸ್ಟೀಲಿನ ತಟ್ಟೆಯನ್ನು ಎಡಗೈಯಲ್ಲಿ ಎತ್ತಿಹಿಡಿದು ಸೌಟಿನಿಂದ ಹೊಡೆದಳು. ಮತ್ತೆ ಇರುವೆಗಳ ಕಡೆ ತಿರುಗಿದ್ದ ಶೈಲಿಯ ಬೆನ್ನ ಹಿಂದೆಯೇ, ತಲೆಗೂದಲು ಮುಟ್ಟುವಷ್ಟು ಹತ್ತಿರ. ಕಾಗೆಗಳು ಗೋಡೆ ಬಿಟ್ಟು ಹಾರಿದವು. ಶೈಲಿ ಕಡ್ಡಿಯನ್ನು ಇನ್ನಷ್ಟು ಮುಂದೆ ಸರಿಸಿದಳು. ಅವ್ವ ಹೊಡೆಯುವುದನ್ನು ನಿಲ್ಲಿಸಲಿಲ್ಲ. ಒಳಗಿನಿಂದ ಅಜ್ಜಿ "ಏನ್ ಬಂತೇ ನಿಂಗೆ, ಸರ್ವಿ, ಪೂಜೆ ಹೊತ್ನಾಗೆ!" ಎಂದು ಕೂಗಿ, ಲಿಂಗವನ್ನು ಅಂಗೈಯಲ್ಲೇ ಹಿಡಿದುಕೊಂಡು ಬಾಗಿಲಿಗೆ ಬಂದಳು. ನಮ್ಮ ಮುಖ ನೋಡಿ ಅಲ್ಲೇ ನಿಂತಳು. ಅಣ್ಣನೇ ಹೋಗಿ ಅವ್ವನ ಕೈಯಿಂದ ಸೌಟು ತೆಗೆದುಕೊಂಡ.

ಅಪ್ಪ ಮೊದಲು ನಂಬಲಿಲ್ಲ, ಆಮೇಲೆ ತಾನೇ ಶೈಲಿಯನ್ನು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿ ಏನೇನೋ ಸದ್ದು ಮಾಡಿ ನೋಡಿದ. ಮೋಟಾರು ತರಲು ಹೋಗುವ ದಿನವೇ ಅವ್ವನನ್ನೂ ಶೈಲಿಯನ್ನೂ ಕಡೂರಿಗೆ ಕರೆದುಕೊಂಡು ಹೋದ. ನನ್ನ ಕೈ ಹಿಡಿಯದೆ ಶೈಲಿ ಎಲ್ಲಿಗೂ ಹೋಗುತ್ತಿರಲಿಲ್ಲವಾದ್ದರಿಂದ ನಾನೂ ಹೊರಟೆ. ವಾರಕ್ಕೊಮ್ಮೆ ಬರುತ್ತಿದ್ದ ಕಿವಿಯ ಡಾಕ್ಟರು ಒಂದು ಸಣ್ಣ ಕಬ್ಬಿಣದ ಕವಲುಕಡ್ಡಿಯನ್ನು ತಮ್ಮ ಮಂಡಿಗೆ ಬಡಿದು ಅದುರಿಸಿ ಅವಳ ಕಿವಿಯ ಹತ್ತಿರ ಹಿಡಿದರು. ಅವಳು ಡಾಕ್ಟರ ಕನ್ನಡಕ ನೋಡುತ್ತಿದ್ದಳು. ಅದನ್ನೇ ಹಣೆಗೆ ಒತ್ತಿ ಹಿಡಿದಾಗ ಮಾತ್ರ ಮುಖವೆಲ್ಲ ಅರಳಿಸಿ ನಕ್ಕಳು, ಮತ್ತೆ ಮಾಡು ಎಂದು ಸನ್ನೆ ಮಾಡಿದಳು. ಡಾಕ್ಟರು ಮತ್ತೆ ಮಾಡಲಿಲ್ಲ.

"ಗಂಡ ಹೆಂಡತಿ ಮೊದಲೇ ಸಂಬಂಧಿಕರಾ?"

"ನಮ್ಮಕ್ಕನ ಮಗ್ಳು ಸಾರ್. ಹಿರೇನಲ್ಲೂರಿಂದ ತಂದಿದ್ದು" ಎಂದ ಅಪ್ಪ. ಆಮೇಲೆ ಕೇಳಿದ, "ನಮ್ದು ಹಿಟ್ಟಿನ ಮಿಷಿನ್ನು ಸಾರ್. ಅದ್ರ ಸದ್ದಿಗೆ ಹಿಂಗಾಯ್ತಾ?"

"ಇಲ್ಲಪ್ಪ. ಇದು ಹುಟ್ಟಿನಿಂದಲೇ ಇರೋದು."

"ಬಸುರಿದ್ದಾಗ್ಲೂ ಅಲ್ಲೇ ಇದ್ಲು ಸಾರ್ ಇವ್ಳು."

"ಅದರಿಂದಲ್ಲ ಅಂದೆನಲ್ಲ."

ಅಪ್ಪ ಬಾಗಿಲವರೆಗೆ ಹೋಗಿ ಹಿಂದಿರುಗಿ ಅದನ್ನೇ ಮತ್ತೊಮ್ಮೆ ಕೇಳಿದ. ಮೈಸೂರಿನಲ್ಲಿ ಇಂಥ ಮಕ್ಕಳಿಗೊಂದು ಶಾಲೆಯಿದೆ, ಜೂನ್‌ನಲ್ಲಿ ಸೇರಿಸಿಕೊಳ್ಳುತ್ತಾರೆ, ತಡಮಾಡಬೇಡಿ ಎಂದಷ್ಟೇ ಡಾಕ್ಟರು ಹೇಳಿದರು. ವಾಪಸು ಬರುವಾಗ ಬಸ್ಸಿನಲ್ಲಿ ಮೋಟಾರು ನಮ್ಮ ಕಾಲ ಬುಡದಲ್ಲಿತ್ತು. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದವನಂತೆ ಅಪ್ಪ ದಾರಿಯುದ್ದಕ್ಕೂ ಅದನ್ನೇ ನೋಡುತ್ತ ಕೂತಿದ್ದ. ಅವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು. ಮನೆಗೆ ಬಂದು ಮೋಟಾರು ಕೂರಿಸಿ ಪಟ್ಟೆ ಹಾಕಿದ ಮೇಲೂ ಅಪ್ಪ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ನಿಂತೇ ಇದ್ದ. ರಾಗಿ ಚೀಲ ಹಿಡಿದು ಕಾದಿದ್ದವರು "ಏನಪ್ಪಾ ರುದ್ರಣ್ಣ, ಕರೆಂಟ್ ಐತಲ್ಲ" ಎಂದರು. ಕೊನೆಗೆ ಒತ್ತಿದ. ಕಲ್ಲು ತಿರುಗಿತು. ನಡುಮನೆಯಲ್ಲಿ ಶೈಲಿ ನೆಲಕ್ಕೆ ಕೆನ್ನೆ ಹಚ್ಚಿ, ಎರಡು ಅಂಗೈ ಊರಿ, ಕಣ್ಣು ಮುಚ್ಚಿಕೊಂಡು ಮಲಗಿದಳು. ಅಷ್ಟು ದಿನ ಬಿಟ್ಟು ಅವತ್ತು ನೆಮ್ಮದಿಯಾಗಿ ನಿದ್ದೆ ಮಾಡಿದಳು. ಅದನ್ನು ನೋಡಲಾರದೆ ಅವ್ವ ಹಿತ್ತಲಿಗೆ ಹೋದಳು.

ಜಗಳವಾದದ್ದು ಮಾರನೆಯ ದಿನ. ರೊಟ್ಟಿ ತಟ್ಟುತ್ತಿದ್ದ ಅವ್ವನ ಹತ್ತಿರ ಕೂತು ಅಜ್ಜಿ, ಯಾರ ಕಣ್ಣು ಬಿತ್ತೋ ಎಂದು ಶುರು ಮಾಡಿದಳು. ಅಜ್ಜಿ ಅವ್ವನಿಗೆ ಅತ್ತೆಯಷ್ಟೇ ಅಲ್ಲ, ತಾಯಿಯ ತಾಯಿ. ಹಾಗಾಗಿ ನಮ್ಮಂತೆಯೇ ಅವ್ವನೂ ಅವಳನ್ನು ಅಜ್ಜಿ ಎಂದೇ ಕರೆಯುತ್ತಿದ್ದಳು. ಅಲ್ಲಿಯವರೆಗೆ ಅವ್ವ ಎದುರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಕಣ್ಣೂ ಇಲ್ಲ ಗಿಣ್ಣೂ ಇಲ್ಲ. ನೀನು ಮಾಡ್ದ ಮದುವೆ ಅಜ್ಜಿ ಇದು. ಮಗನೂ ನಿಂದೇ, ಮೊಮ್ಮಗ್ಳೂ ನಿಂದೇ ಅಂತ ಒಂದೇ ಗೂಟಕ್ಕೆ ಕಟ್ಕೊಂಡೆ. ಡಾಕ್ಟ್ರು ಬಾಯಿ ಬಿಟ್ಟು ಹೇಳ್ಲಿಲ್ಲ, ಅಷ್ಟೇಯ."

ಹಂಚಿನ ಮೇಲಿದ್ದ ರೊಟ್ಟಿ ಸೀದಿತು.

"ನಿನ್ನ ಬ್ಯಾರೆ ಮನೆಗೆ ಕಳ್ಸಾಕೆ ಮನ್ಸು ಬರ್ಲಿಲ್ಲ ಕಣೇ ಸರ್ವಿ. ಅಷ್ಟೇ ನಾನು ಮಾಡಿದ್ದು."

ಅವ್ವ ಸೀದ ರೊಟ್ಟಿಯನ್ನು ತೆಗೆದು ಬದಿಗಿಟ್ಟು ಇನ್ನೊಂದು ತಟ್ಟಿದಳು. ಅಜ್ಜಿ ಸೀದದ್ದನ್ನೇ ಎತ್ತಿಕೊಂಡು ಒಣ ಒಣ ತಿಂದಳು. ಆಮೇಲೆ ಆ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ, ಅಜ್ಜಿ ಸಾಯುವವರೆಗೂ.

ಅಪ್ಪ ಅವ್ವ ಮೈಸೂರಿಗೆ ಹೋಗಿ ಬಂದರು. ಬಂದ ಸಂಜೆ ನಮ್ಮನ್ನೆಲ್ಲ ನಡುಮನೆಯಲ್ಲಿ ಕೂರಿಸಿದರು. ಕಲ್ಲು ನಿಂತಿತ್ತು. ಶೈಲಿಯನ್ನು ಸೇರಿಸಿಕೊಳ್ಳುತ್ತಾರಂತೆ, ಆದರೆ ಅವಳೊಬ್ಬಳನ್ನೇ ಅಲ್ಲ. ತಾಯಿಯೂ ದಿನಾ ತರಗತಿಯಲ್ಲಿ ಕೂತು ಕಲಿಯಬೇಕು, ಕಲಿತದ್ದನ್ನು ಮಗುವಿಗೆ ಕಲಿಸಬೇಕು. ಅಲ್ಲೇ ಕೋಣೆ ಮಾಡಿಕೊಂಡು ಇರಬೇಕು. ವರ್ಷ ಎರಡು ವರ್ಷವಲ್ಲ, ಮಗು ಮಾತಾಡುವವರೆಗೆ. ಇನ್ನೂ ಒಂದು ನಿಯಮವಿತ್ತು. ಅವ್ವ ಅದನ್ನು ನಮ್ಮ ಕೈಗಳನ್ನು ನೋಡುತ್ತ ಹೇಳಿದಳು.

"ಕೈಸನ್ನೆ ಬಿಡುಸ್ಬೇಕಂತೆ. ಕೈಯಾಗೆ ಹೇಳ್ತಿದ್ರೆ ಮಗಾ ಬಾಯಿ ತೆಗೆಯಾಕಿಲ್ವಂತೆ. ಇವತ್ನಿಂದ್ಲೇ ಯಾರೂ ಮಾಡಂಗಿಲ್ಲ. ಗಿರೀ, ಕೇಳುಸ್ತಾ? ನೀನೇ ಜಾಸ್ತಿ ಮಾಡಾದು."

ಈಗ ಹಾಗೆ ಹೇಳುವವರು ಕಡಿಮೆ ಎಂದು ಓದಿದ್ದೇನೆ. ಆಗ ಅದು ಶಾಲೆಯ ಮಾತು, ಮೀರುವುದು ಹೇಗೆ? ಆ ರಾತ್ರಿ ಊಟಕ್ಕೆ ಕೂತಾಗ ಶೈಲಿ ಬೆರಳು ಮಡಿಸಿ ನೀರು ಕೇಳಿದಳು. ನಾವು ಯಾರೂ ಕೊಡಲಿಲ್ಲ. ಅವ್ವ ಲೋಟವನ್ನು ತನ್ನ ಬಾಯಿಯ ಪಕ್ಕ ಹಿಡಿದು "ನೀ-ರು" ಎಂದಳು. ಶೈಲಿ ಮತ್ತೆ ಬೆರಳು ಮಡಿಸಿದಳು, ನನ್ನ ಕಡೆ ತಿರುಗಿ ಮಡಿಸಿದಳು, ಅಪ್ಪನ ಕಡೆ ತಿರುಗಿ ಮಡಿಸಿದಳು. ಅಪ್ಪ ತಟ್ಟೆ ಬಿಟ್ಟು ಎದ್ದುಹೋದ. ನಾವೆಲ್ಲ ಒಂದೇ ಸಲಕ್ಕೆ ಯಾಕೆ ಕುರುಡರಾದೆವೆಂದು ಆ ಮಗು ಏನು ತಿಳಿದುಕೊಂಡಿತೋ.

ಇನ್ನು ಉಳಿದವರನ್ನು ಹೊಂದಿಸಬೇಕಿತ್ತು. ಅಜ್ಜಿಗೆ ಕಣ್ಣು ಮಂಜು, ಒಲೆ ಹಚ್ಚುವುದೇ ಕಷ್ಟ. ಅವಳು ಮಡಿಚಿದ ಕಾಲು ಬಿಚ್ಚದೆ ಲೆಕ್ಕ ಒಪ್ಪಿಸಿದಳು.

"ಪ್ರಕಾಶನ್ನ ಮಠದ ಹಾಸ್ಟೆಲ್‌ಗೆ ಹಾಕಿ. ಗಿರೀನ ಹಿರೇನಲ್ಲೂರಿಗೆ ಕಳ್ಸಿ, ನನ್ ಮಗ್ಳು ನೋಡ್ಕತಾಳೆ. ನನ್ದೇನು, ಒಂದು ಹೊತ್ತು ಉಂಡ್ರಾಯ್ತು."

ಅಣ್ಣನದು ಅವತ್ತೇ ತೀರ್ಮಾನವಾಯಿತು. ತರೀಕೆರೆಯಿಂದ ಆಚೆ, ಲಿಂಗದಹಳ್ಳಿಯ ದಾರಿಯಲ್ಲಿ ಮಠದವರ ಹೈಸ್ಕೂಲು, ಹಾಸ್ಟೆಲು ಇದ್ದವು. ನನ್ನ ವಿಷಯಕ್ಕೆ ಬಂದಾಗ ಅಪ್ಪ ತಲೆ ತಗ್ಗಿಸಿ ನೆಲದ ಮೇಲಿನ ಹಿಟ್ಟನ್ನು ಬೆರಳಲ್ಲಿ ಗುಡ್ಡೆ ಮಾಡುತ್ತ, "ಗಿರಿ ಇಲ್ಲೇ ಇರ್ಲಿ. ಎಲ್ರೂ ಹೋದ್ರೆ ನಾನು ಈ ಮನೇಲಿ ಇರಾಕಾಗಲ್ಲ" ಎಂದ. ಅಪ್ಪ ಹಾಗೆ ಮಾತಾಡಬಲ್ಲ ಎಂದು ನನಗೆ ಗೊತ್ತಿರಲಿಲ್ಲ. ಅವ್ವ ನನ್ನ ಕಡೆ ನೋಡಿ "ಇರ್ತೀಯೇನೇ?" ಎಂದಳು. ತಲೆಯಾಡಿಸಿದೆ. ಇರುವುದಿಲ್ಲ ಎಂದಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ. ಏನೂ ಆಗುತ್ತಿರಲಿಲ್ಲ. ಹಿರೇನಲ್ಲೂರಿನಲ್ಲೂ ಅವ್ವ ಇರುತ್ತಿರಲಿಲ್ಲವಲ್ಲ.

ಅಣ್ಣ ಮೊದಲು ಹೋದ. ಅವನ ಬಟ್ಟೆಗೆಂದು ಆ ತಗಡಿನ ಟ್ರಂಕೇ ಹೋಯಿತು. ಬಸ್ಸಿನ ಮೆಟ್ಟಿಲ ಮೇಲೆ ನಿಂತು "ಅಲ್ಲಿ ಹಿಟ್ಟಿನ ಧೂಳಿರಲ್ಲ, ನೆಗಡಿ ಹೋಗ್ತೈತೆ" ಎಂದ, ನಮ್ಮನ್ನು ಸಮಾಧಾನ ಮಾಡುವವನಂತೆ. ಉಳಿದ ದಿನಗಳಲ್ಲಿ ಅವ್ವ ಮೈಮೇಲೆ ದೇವರು ಬಂದವಳಂತೆ ಕೆಲಸ ಮಾಡಿದಳು. ಸಾರಿನ ಪುಡಿ ಡಬ್ಬ ತುಂಬಿಸಿದಳು, ನನ್ನ ಲಂಗದ ಅಂಚು ಮುಂದಿನ ವರ್ಷಕ್ಕೂ ಬರುವಂತೆ ಒಳಗೆ ಮಡಚಿ ಹೊಲಿದಳು, ಅನ್ನಕ್ಕೆ ನೀರು ಎಷ್ಟೆಂದು ಬೆರಳ ಗೆಣ್ಣಿನಲ್ಲಿ ತೋರಿಸಿದಳು. ಕೊನೆಗೆ ಉಳಿದದ್ದು ನನ್ನ ಕೂದಲು. ಶಾಲೆಗೆ ಎರಡು ಜಡೆ ಹಾಕಿ, ಮೇಲಕ್ಕೆ ಮಡಚಿ ಕಪ್ಪು ರಿಬ್ಬನ್ನು ಕಟ್ಟಲೇಬೇಕು. ನನ್ನ ಕೈಗೆ ಹಿಂದೆ ಎಟುಕದು, ಅಜ್ಜಿಗೆ ಬೈತಲೆ ಕಾಣದು. ಕತ್ತರಿಸಿಬಿಡೋಣ ಎಂದು ಅಜ್ಜಿ ಹೇಳಿದ್ದೇ ತಡ, ಅವ್ವ ಗಿರಣಿಗೆ ಹೋಗಿ ಅಪ್ಪನನ್ನು ಕರೆದುಕೊಂಡು ಬಂದಳು. ಅಪ್ಪ ಕೈ ತೊಳೆದು ನನ್ನ ಹಿಂದೆ ಕೂತ.

"ಮೂರು ಪಾಲು ಮಾಡಿ. ಅಷ್ಟು ಬಿಗಿ ಎಳೀಬ್ಯಾಡಿ, ಅದೇನು ಮಿಷಿನ್ ಪಟ್ಟೆನಾ?"

"ಸಡ್ಲ ಬಿಟ್ರೆ ಜಾರ್ತದಲ್ಲೇ."

"ಜಾರಲ್ಲ. ಎಡಗಡೇದು ಮಧ್ಯಕ್ಕೆ ಬರ್ಲಿ. ಈಗ ಬಲಗಡೇದು. ಅಯ್ಯೋ, ಅದು ನನ್ ಬೆರಳು!"

ಅವ್ವ ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕಳು. ಅಪ್ಪನೂ ನಕ್ಕ. ನನಗೆ ಅವರು ಕಾಣುತ್ತಿರಲಿಲ್ಲ, ಎದುರಿಗೆ ಗೋಡೆಯಿತ್ತು. ನೆತ್ತಿಯ ಮೇಲೆ ನಾಲ್ಕು ಕೈಗಳು ಓಡಾಡುತ್ತಿದ್ದವು. ಸ್ವಲ್ಪ ಹೊತ್ತಿಗೆ ಎರಡು ನಿಂತವು, ಹಿಂದಿನಿಂದ ಅವ್ವ ಮೂಗು ಒರೆಸಿಕೊಂಡ ಸದ್ದು ಬಂತು. ಉಳಿದ ಎರಡು ಕೈಗಳು ತಪ್ಪು ತಪ್ಪಾಗಿ ಹೆಣೆಯುತ್ತಲೇ ಹೋದವು.

ಕಡೂರಿನಲ್ಲಿ ಮೈಸೂರಿನ ರೈಲು ಹತ್ತಬೇಕಿತ್ತು. ಅಪ್ಪ ಜೊತೆಗೆ ಹೋಗುತ್ತೇನೆಂದರೆ ಅವ್ವ ಒಪ್ಪಲಿಲ್ಲ. "ಮುಂದೂ ನಾನೊಬ್ಳೇ ಇರ್ಬೇಕಲ್ಲ, ಈಗ್ಲೇ ರೂಢಿಯಾಗ್ಲಿ" ಎಂದಳು. ಮದುವೆಯಾಗಿ ಬಂದಾಗಿನಿಂದ ಅವಳು ಒಬ್ಬಳೇ ತರೀಕೆರೆಗೂ ಹೋದವಳಲ್ಲ. ಹೊಸ ಬ್ಯಾಗು ಹಾಕಿಕೊಂಡ ಶೈಲಿ ಎಲ್ಲರೂ ಹೋಗುತ್ತಿದ್ದೇವೆಂದೇ ತಿಳಿದಿದ್ದಳು. ಒಳಗೆ ಹತ್ತಿ ಕಿಟಕಿಯ ಪಕ್ಕ ಜಾಗ ಹಿಡಿದು, ತನ್ನ ಗಲ್ಲದ ಮೇಲೆ ಬೆರಳಿಟ್ಟು ನನ್ನನ್ನು ಕರೆದಳು. ಪಕ್ಕದ ಸೀಟನ್ನು ತಟ್ಟಿ ತೋರಿಸಿದಳು. ನಾನು ಪ್ಲಾಟ್‌ಫಾರಮ್ಮಿನ ಮೇಲೆಯೇ ನಿಂತಿದ್ದೆ. ಅವಳು ಮತ್ತೆ ಗಲ್ಲ ಮುಟ್ಟಿಕೊಂಡಳು, ಈ ಸಲ ಜೋರಾಗಿ, ಹೊಡೆದುಕೊಳ್ಳುವಂತೆ. ಅವ್ವ ಅವಳ ಎರಡು ಕೈಗಳನ್ನೂ ಹಿಡಿದು ತನ್ನ ಮಡಿಲಲ್ಲಿ ಅದುಮಿಕೊಂಡಳು. ನನ್ನ ಕೈ ಎದ್ದಿತ್ತು. ಅವ್ವ ನನ್ನನ್ನು ನೋಡಿದಳು. ಆ ನೋಟದಲ್ಲಿ ಗದರಿಕೆಯಿರಲಿಲ್ಲ, ಬೇಡಿಕೊಳ್ಳುವಂತಿತ್ತು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಯಿಂದ, ನಿಧಾನವಾಗಿ, "ಹೋಗ್-ಬಾ" ಎಂದೆ. ಶೈಲಿ ನನ್ನ ಬಾಯನ್ನು ನೋಡಿದಳು. ಅದ್ಯಾರದೋ ಹೊಸಬರ ಬಾಯಿ ಎಂಬಂತೆ ನೋಡಿದಳು. ರೈಲು ಹೊರಟಿತು.

ಅವ್ವ ಮನೆಗೆ ಪೂರ್ತಿಯಾಗಿ ಮರಳುವ ಹೊತ್ತಿಗೆ ನಾನು ಹೈಸ್ಕೂಲಿಗೆ ಬಂದಿದ್ದೆ. ರಜೆಗೆ ಬಂದಾಗಲೆಲ್ಲ ಅವಳು ನಮ್ಮೊಡನೆಯೂ ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಅಕ್ಷರ ಬಿಡಿಸಿ ಮಾತಾಡುತ್ತಿದ್ದಳು. ಆ ಅಭ್ಯಾಸ ಅವಳಿಂದ ಹೋಗಲೇ ಇಲ್ಲ. ಶೈಲಿ ಮಾತು ಕಲಿತಳು. ಅಂಚು ಸವೆದ ಮಾತು, ಆದರೆ ಮಾತು. ಓದಿದಳು. ಈಗ ತರೀಕೆರೆಯ ಕಚೇರಿಯೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಾಳೆ, ಅವಳ ಮಗಳು ವಟವಟ ಮಾತಾಡುತ್ತಾಳೆ. ವಿಡಿಯೊ ಕಾಲ್‌ನಲ್ಲಿ ಶೈಲಿ ಬಾಯಿಂದ ಹೇಳುತ್ತಾಳೆ, ನಾನು ಬಾಯಿಂದ ಉತ್ತರಿಸುತ್ತೇನೆ. ಆ ಗಿರಣಿ ಮನೆಯ ಸನ್ನೆಗಳು ನೆನಪಿವೆಯಾ ಎಂದು ಒಮ್ಮೆ ಕೇಳಿದ್ದೆ. ಇಲ್ಲ ಎಂದಳು. ಚೆನ್ನಾಗಿ ಆಯಿತು ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ.

ಅವ್ವ ಮೈಸೂರಿಗೆ ಹೋದ ಆ ವರ್ಷ ಶಾಲೆ ಶುರುವಾದ ದಿನ ಅಪ್ಪ ಗಿರಣಿಯನ್ನು ತಡವಾಗಿ ತೆರೆದ. ಮೊದಲು ನನ್ನನ್ನು ಕೂರಿಸಿಕೊಂಡು ಜಡೆ ಹಾಕಿದ. ಹಾಕಿದ, ಬಿಚ್ಚಿದ, ಮತ್ತೆ ಹಾಕಿದ. ಹೊರಗೆ ಗಿರಾಕಿಗಳು ಕೂಗುತ್ತಿದ್ದರು, ಅಜ್ಜಿ ಒಳಗಿನಿಂದ ಹೊತ್ತಾಯಿತು ಎನ್ನುತ್ತಿದ್ದಳು. ಅವನು ಬಾಚಣಿಗೆಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದ. ಕೊನೆಗೆ ಒಂದು ಜಡೆ ಕಿವಿಯ ಮುಂದೆ ಬಂತು, ಇನ್ನೊಂದು ಹಿಂದೆ ಹೋಯಿತು. ರಿಬ್ಬನ್ನಿಗೆ ಹೂವಿನ ಗಂಟು ಬಾರದೆ ರಾಗಿ ಮೂಟೆಗೆ ಹಾಕುವ ಗಂಟು ಹಾಕಿದ. ಎದುರು ಬಂದು ನಿಂತು ನೋಡಿ, ಬ್ಯಾಗು ಎತ್ತಿ ನನ್ನ ಹೆಗಲಿಗೆ ಹಾಕಿದ.

ತರಗತಿಯಲ್ಲಿ ಹಾಜರಿ ಕರೆಯುತ್ತಿದ್ದ ಮಿಸ್ಸು ನನ್ನ ಹೆಸರಿಗೆ ಬಂದಾಗ ತಲೆಯೆತ್ತಿ ನೋಡಿ ಕರೆಯುವುದನ್ನು ನಿಲ್ಲಿಸಿದರು.

"ಇದೇನೇ ನಿನ್ನ ತಲೆ? ಯಾರು ಜಡೆ ಹಾಕಿದ್ದು?"

"ಅಪ್ಪ, ಮಿಸ್."

"ಯಾಕೆ, ಅಮ್ಮ ಎಲ್ಲಿ?"

"ಅವ್ವ ಸ್ಕೂಲಿಗೆ ಹೋಗವ್ಳೆ ಮಿಸ್."

ಇಡೀ ತರಗತಿ ನಕ್ಕಿತು. ಹಿಂದಿನ ಬೆಂಚಿನಿಂದ ಯಾರೋ "ಯಾವ ಕ್ಲಾಸೇ? ಒಂದನೇ ಕ್ಲಾಸಾ?" ಎಂದು ಕೂಗಿದರು. ನಾನು ಯೋಚನೆ ಮಾಡಿದೆ. ಹೌದು, ಒಂದನೇ ಕ್ಲಾಸೇ ಇರಬೇಕು. ಹೂಂ ಎಂದೆ. ಮತ್ತೂ ನಕ್ಕರು. ಮಿಸ್ಸು ಮಾತ್ರ ನಗಲಿಲ್ಲ. ನನ್ನನ್ನು ಹತ್ತಿರ ಕರೆದು, ಕುರ್ಚಿ ತಿರುಗಿಸಿಕೊಂಡು, ನನ್ನ ಬೆನ್ನು ತಮ್ಮ ಕಡೆ ಮಾಡಿ ನಿಲ್ಲಿಸಿಕೊಂಡರು. ಅವರ ಬೆರಳು ರಿಬ್ಬನ್ನಿನ ಗಂಟಿಗೆ ಬಂತು. ಅವರ ಕೈ ಮೆತ್ತಗಿತ್ತು, ಅವ್ವನ ಕೈಯಂತೆ ಜಡೆ ಹಾಕಲು ಗೊತ್ತಿದ್ದ ಕೈ. ನಾನು ಎರಡು ಜಡೆಗಳನ್ನೂ ಎರಡು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ.

"ಬ್ಯಾಡ ಮಿಸ್, ಬಿಚ್ಬ್ಯಾಡಿ" ಎಂದೆ. "ಅಪ್ಪ ಬೆಳಗ್ಗಿಂದ ಹಾಕಿದ್ದು."